ತಾಳ ಹಿಡಿದವನಿಗೆ ನಾಲ್ಕು ಪುಟವೇಕೆ?

‘ಕಳೆದ ಸಂಚಿಕೆಯಲ್ಲಿ ಅಮೆರಿಕದ ಮೆಂಫಿಸ್‌ನ ಡ್ರಮ್ಮರ್ ಆಲ್ ಜಾಕ್ಸನ್ ಜೂನಿಯರ್‌ಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಹಾಡಿದವನು ಓಟಿಸ್ ರೆಡಿಂಗ್ ಅಲ್ಲವೇ? ತಾಳ ಹಾಕುವ ಕೆಲಸವನ್ನು ಈಗ ಯಂತ್ರವೇ ಮಾಡುತ್ತದೆ.’
– ಓದುಗರೊಬ್ಬರು, ಮೈಸೂರು

ಸಂಪಾದಕರ ಉತ್ತರ: ರೆಡಿಂಗ್ ದೊಡ್ಡ ಗಾಯಕ, ಒಪ್ಪೋಣ. ಆದರೆ ಅವನ ಅಷ್ಟೊಂದು ಹಾಡು ಕೇಳಿದ ನಿಮ್ಮ ಕಿವಿಗೆ ಜಾಕ್ಸನ್ ಬೀಳಲಿಲ್ಲವೆಂದರೆ ಬೇಸರವಾಗುತ್ತದೆ.

1935ರಲ್ಲಿ ಮೆಂಫಿಸ್‌ನಲ್ಲಿ ಹುಟ್ಟಿದ ಜಾಕ್ಸನ್ ಬಾಲ್ಯದಲ್ಲೇ ತಂದೆಯ ಬ್ಯಾಂಡಿನಲ್ಲಿ ಬಾರಿಸಿದವನು. 1962ರಲ್ಲಿ ಬುಕರ್ ಟಿ. ಜೋನ್ಸ್, ಸ್ಟೀವ್ ಕ್ರಾಪರ್, ಲೂಯಿ ಸ್ಟೈನ್‌ಬರ್ಗ್ ಜೊತೆ ‘ಬುಕರ್ ಟಿ. ಅಂಡ್ ದಿ ಎಂಜೀಸ್’ ಕಟ್ಟಿದ. ಮೆಂಫಿಸ್‌ನ ಸ್ಟ್ಯಾಕ್ಸ್ ಎಂಬ ರೆಕಾರ್ಡ್ ಕಂಪನಿಯಲ್ಲಿ ರೆಡಿಂಗ್ ಸೇರಿ ಗಾಯಕರಿಗೆಲ್ಲ ನುಡಿಸುತ್ತಿದ್ದುದು ಇದೇ ತಂಡ. ಕರಿಯರು, ಬಿಳಿಯರು ಒಟ್ಟಿಗೆ ಕೂತು ಊಟ ಮಾಡುವುದೂ ಕಷ್ಟವಾಗಿದ್ದ ಊರಿನಲ್ಲಿ ಇವರು ಒಟ್ಟಿಗೆ ಕೂತು ಲಯ ಹಿಡಿದರು.

ವಿಲ್ಸನ್ ಪಿಕೆಟ್ 1965ರಲ್ಲಿ ಹಾಡಿದ ‘ಇನ್ ದ ಮಿಡ್‌ನೈಟ್ ಅವರ್’ ಹಾಕಿಕೊಂಡು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ. ಕೋಲಿನಿಂದ ಬಾರಿಸುವ ಚಿಕ್ಕ ಡ್ರಮ್ ‘ಸ್ನೇರ್’ನ ಏಟು ಬೀಳುವುದು ಎರಡು ಮತ್ತು ನಾಲ್ಕಕ್ಕೆ, ಅದೂ ಕೂದಲೆಳೆಯಷ್ಟು ತಡವಾಗಿ. ‘ಜರ್ಕ್’ ಎಂಬ ಹೊಸ ಕುಣಿತವನ್ನು ನಿರ್ಮಾಪಕ ಜೆರ್ರಿ ವೆಕ್ಸ್ಲರ್ ಸ್ಟುಡಿಯೋದಲ್ಲೇ ಕುಣಿದು ತೋರಿಸಿದ್ದರಿಂದ ಹುಟ್ಟಿದ ತಡ ಅದು. ಕ್ರಾಪರ್‌ನ ಗಿಟಾರೂ ಅದೇ ಕ್ಷಣಕ್ಕೆ ಬೀಳುತ್ತದೆ. ಒಬ್ಬ ಚೂರು ಮುಂದಾದರೂ ಏಟು ಒಡೆದು ಎರಡಾಗಿ ಕೇಳುತ್ತದೆ. ಇದನ್ನು ಅಭ್ಯಾಸ ಮಾಡುವವರು ಎಡವುವುದು ಇನ್ನೊಂದು ಕಡೆ: ಎರಡು, ನಾಲ್ಕನ್ನು ತಡ ಮಾಡುವ ಭರದಲ್ಲಿ ಒಂದು, ಮೂರನ್ನೂ ಹಿಂದಕ್ಕೆ ಎಳೆಯುತ್ತಾರೆ, ಇಡೀ ಹಾಡು ಕುಂಟುತ್ತದೆ. ಕಾಲಿನ ಡ್ರಮ್ ಜಾಗ ಬಿಟ್ಟು ಕದಲಬಾರದು. ಸ್ನೇರ್ ಗುಂಯ್‌ಗುಡದಂತೆ ಜಾಕ್ಸನ್ ಅದರ ಮೇಲೆ ತನ್ನ ಪರ್ಸ್ ಇಟ್ಟುಕೊಳ್ಳುತ್ತಿದ್ದ.

ಯಂತ್ರದಲ್ಲೂ ಏಟನ್ನು ಕೆಲವು ಮಿಲಿಸೆಕೆಂಡ್ ಹಿಂದೆ ಸರಿಸಬಹುದು. ಎಷ್ಟು ಸರಿಸಬೇಕೆಂದು ಕಲಿಯುವುದು ಮಾತ್ರ ಇಂಥವರ ಕೈ ಕೇಳಿಯೇ. ಇನ್ನು, ಗಾಯಕ ಆಲ್ ಗ್ರೀನ್‌ನ ‘ಲೆಟ್ಸ್ ಸ್ಟೇ ಟುಗೆದರ್’ ಬರೆದ ಮೂವರಲ್ಲಿ ಜಾಕ್ಸನ್ ಒಬ್ಬ. ತಾಳ ಹಾಕುವವನಷ್ಟೇ ಎನ್ನಬೇಡಿ. 1975ರಲ್ಲಿ, ಇನ್ನೂ 39ರ ವಯಸ್ಸಿನಲ್ಲಿ, ಅವನನ್ನು ಮನೆಯಲ್ಲೇ ಗುಂಡಿಕ್ಕಿ ಕೊಂದರು.

ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿಯ ವಾದಕರು ತಮ್ಮ ಹೆಸರನ್ನು ಆಲ್ಬಮ್ಮಿನ ಮೇಲೆ ನೋಡಲು 1971ರವರೆಗೆ ಕಾಯಬೇಕಾಯಿತು. ನಿಮ್ಮೂರಿನ ಕಛೇರಿ ಆಮಂತ್ರಣದಲ್ಲಿ ಮೃದಂಗದವರ ಹೆಸರಿರುತ್ತದೆ, ತನಿ ಆವರ್ತನಕ್ಕೆ ಸಮಯವನ್ನೂ ಬಿಡುತ್ತಾರೆ. ಆ ಸಂಸ್ಕಾರ ನಮ್ಮ ಸಿನಿಮಾ ಹಾಡಿಗೆ ಯಾಕೆ ಬರಲಿಲ್ಲ? ಹಳೆಯ ಕ್ಯಾಸೆಟ್ಟಿನ ಮೇಲೆ ಗಾಯಕರು, ಕವಿ, ಸಂಗೀತ ನಿರ್ದೇಶಕರು ಇದ್ದಾರೆ. ತಬಲಾ, ಢೋಲಕ್ ನುಡಿಸಿದವರು ಎಷ್ಟೋ ಕಡೆ ಇಲ್ಲ. ಅಂಥ ಹೆಸರು ಗೊತ್ತಿದ್ದರೆ, ಯಾವ ಹಾಡಿಗೆ ಯಾವ ವಾದ್ಯ ಎಂಬ ವಿವರದೊಂದಿಗೆ ಬರೆದು ಕಳಿಸಿ. ಅಚ್ಚು ಹಾಕುತ್ತೇವೆ.