ಕಾರವಾರದಲ್ಲಿ ಸಮುದ್ರ ಕಾಣುವ ಮನೆ ಮಾಡಿದರೆ ಅಮ್ಮನ ಮನಸ್ಸು ಸುಧಾರಿಸುತ್ತಾ?

ಕಾರವಾರಕ್ಕೆ ವರ್ಗವಾಗಿದೆ, ಅಪ್ಪ ಹೋದಮೇಲೆ ಅಮ್ಮ ಮಂಕಾಗಿದ್ದಾರೆ, ಸಮುದ್ರದ ಎದುರು ಫ್ಲಾಟ್ ಹಿಡಿದರೆ ಅವರಿಗೆ ಒಳ್ಳೆಯದಾ ಅಂತ ಕೇಳಿದ್ದೀರಿ. ನಾನು ಹೇಳುವುದಾದರೆ, ಸಮುದ್ರ ನೋಡಬೇಡಿ, ಓಣಿ ನೋಡಿ ಮನೆ ಹಿಡಿಯಿರಿ.

ಇಲ್ಲಿ ಊರಿಗೂ ಕಡಲಿಗೂ ನಡುವೆ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುತ್ತದೆ. ಹಾಗಾಗಿ ಸಮುದ್ರ ಕಾಣುವ ಮನೆ ಅಂದರೆ ಎಷ್ಟೋ ಸಲ ಹೆದ್ದಾರಿ ಕೇಳಿಸುವ ಮನೆ. ಹಗಲು ಹೇಗೋ ನಡೆಯುತ್ತದೆ, ರಾತ್ರಿ ಲಾರಿಗಳ ಸದ್ದು ಬೇಡ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದ 45 ಡೆಸಿಬೆಲ್ ದಾಟಬಾರದು ಅಂತ 2000ನೇ ಇಸವಿಯಿಂದಲೇ ನಿಯಮ ಇದೆ. ಹೆದ್ದಾರಿ ಪಕ್ಕದಲ್ಲಿ ಅದನ್ನು ನೆಚ್ಚಿಕೊಂಡು ಮಲಗಲು ಆಗುವುದಿಲ್ಲ. ಮೊದಲೇ ಕುಗ್ಗಿರುವವರಿಗೆ ನಿದ್ದೆಯೂ ಕೆಟ್ಟರೆ ತುಂಬಾ ಕಷ್ಟ.

ನಾವು ಮೊದಲು ಇದ್ದದ್ದು ಅಂಥದ್ದೇ ಮನೆಯಲ್ಲಿ, ಮೂರನೇ ಮಹಡಿ. ನಮ್ಮ ಆಯಿ ಶಿರಸಿ ಕಡೆಯ ಹಳ್ಳಿಯವರು. ಬಾಲ್ಕನಿಯಲ್ಲಿ ಕೂತು ಚೆಂದ ಇದೆ ಅನ್ನುತ್ತಿದ್ದರು, ಆದರೆ ಸಂಜೆ ನಾನು ಬರುವವರೆಗೆ ಅವರಿಗೆ ಒಂದು ಮಾತಿಗೂ ಜನ ಇರುತ್ತಿರಲಿಲ್ಲ. ಆಮೇಲೆ ಒಳಗಿನ ಒಂದು ಕೇರಿಗೆ ಬಂದೆವು. ನೆಲಮಹಡಿ, ಗೇಟಿನ ಪಕ್ಕ ಚಿಕ್ಕ ಸಿಮೆಂಟಿನ ಕಟ್ಟೆ. ಅಂಕೋಲಾ ಕಡೆಯಿಂದ ಬರುವ ಹಾಲಕ್ಕಿ ಸಮುದಾಯದ ಅಜ್ಜಿ ತರಕಾರಿ ಬುಟ್ಟಿ ಇಳಿಸುವುದು ಆ ಕಟ್ಟೆಯ ಮೇಲೇ. ಆಯಿ ಬಸಳೆ ಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ಎಲೆಯೆಲ್ಲ ತೂತು, ಐದು ರೂಪಾಯಿ ಬಿಡು ಅನ್ನುತ್ತಾರೆ. ಅಜ್ಜಿ, "ಮದ್ದು ಹೊಡೀದೇ ಬೆಳೆಸಿದ್ದು ಅಮ್ಮಾ, ಅದ್ಕೇ ತೂತು" ಅಂತ ಐದು ರೂಪಾಯಿಯನ್ನೂ ಬಿಡುವುದಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬರುತ್ತಾರೆ, ಕೊಂಕಣಿಯಲ್ಲೇ ಮಾತು, ಆಯಿಗೆ ಈಗ ಅರ್ಧಕ್ಕರ್ಧ ಬರುತ್ತದೆ. ಮೊಣಕಾಲು ನೋವು, ಯಾರದೋ ಮದುವೆ, ನೀರು ಬಂತಾ ಇಲ್ಲವಾ ಎಲ್ಲ ಮುಗಿಯುವಾಗ ಅರ್ಧ ಗಂಟೆ ಆಗಿರುತ್ತದೆ. ಆಯಿ ಒಂದು ದಿನ ಹುಷಾರಿಲ್ಲದೆ ಹೊರಗೆ ಬರದಿದ್ದರೆ ಗೇಟಿನಲ್ಲಿ ನಿಂತು ಕೇಳುವವರಿದ್ದಾರೆ. ಇದು ಸಣ್ಣ ವಿಷಯ ಅಲ್ಲ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಅನ್ನುವ ನಗರ ಯೋಜನೆಯ ಪ್ರಾಧ್ಯಾಪಕರು 1970ರ ಆಸುಪಾಸಿನಲ್ಲಿ ಇದನ್ನೇ ನೋಡಿದ್ದರು. ದಿನಕ್ಕೆ ಸುಮಾರು 2,000 ವಾಹನ ಓಡಾಡುವ ಬೀದಿಯವರಿಗೆ, 16,000 ವಾಹನ ಓಡಾಡುವ ಬೀದಿಯವರಿಗಿಂತ ತಮ್ಮ ಬೀದಿಯಲ್ಲೇ ಮೂರು ಪಟ್ಟು ಜಾಸ್ತಿ ಸ್ನೇಹಿತರಿದ್ದರು. ಗಾಡಿ ಜಾಸ್ತಿಯಾದ ಕಡೆ ಜನ ಬಾಗಿಲು ಹಾಕಿಕೊಂಡು ಒಳಗೇ ಉಳಿಯುತ್ತಾರೆ, ಸಹಜ ಅಲ್ವಾ.

ಇನ್ನೊಂದು, ನೀವು ಘಟ್ಟದ ಮೇಲಿನವರಾದರೆ ಗೊತ್ತಿರಲಿಕ್ಕಿಲ್ಲ, ಇಲ್ಲಿನ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒದ್ದೆ, ಬಟ್ಟೆ ಒಣಗುವುದಿಲ್ಲ, ಕಪಾಟಿನ ಹಿಂದೆ ಬೂಷ್ಟು. ಯುರೋಪಿನ 8 ನಗರಗಳ ಸುಮಾರು 5,900 ಜನರ ಮಾಹಿತಿ ಇಟ್ಟುಕೊಂಡು 2007ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ತೇವ ಮತ್ತು ಬೂಷ್ಟು ಇರುವ ಮನೆಯವರಲ್ಲಿ ಖಿನ್ನತೆ ಜಾಸ್ತಿ ಕಂಡಿತ್ತು. ಮನೆ ನಮ್ಮ ಹಿಡಿತದಲ್ಲಿಲ್ಲ ಅನ್ನಿಸುವುದೂ ಅದಕ್ಕೆ ಒಂದು ಕಾರಣ ಅಂತ ಅವರು ಕಂಡುಕೊಂಡರು. ಮಳೆಗಾಲ ಕಳೆದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹಾಗಾಗಿ ಮನೆ ನೋಡುವಾಗ ಹಾಸಿಗೆ ಇಡುವ ಗೋಡೆಗೆ ಕೈ ಇಟ್ಟು ನೋಡಿ, ಎದುರುಬದುರು ಕಿಟಕಿ ಇದೆಯಾ ನೋಡಿ. ಹೊಸ ಬಣ್ಣ ಬಳಿದಿದ್ದರೆ ಪಕ್ಕದ ಮನೆಯವರನ್ನೇ ಕೇಳಿ.

ಕಡಲು ಬೇಡ ಅಂತ ನಾನು ಹೇಳುತ್ತಿಲ್ಲ. ಸಂಜೆ ಟ್ಯಾಗೋರ್ ಕಡಲತೀರಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಿ, ಮರಳಲ್ಲಿ ಸುಮ್ನೆ ಕೂತು ಬನ್ನಿ, ನಿಜವಾಗಿ ಹಿತ ಅನ್ನಿಸುತ್ತದೆ. ಆದರೆ ಹಗಲಿಡೀ ಅವರ ಜೊತೆ ಇರುವುದು ಕೇರಿ. ಮನೆ ಗೊತ್ತುಮಾಡುವ ಮೊದಲು ಅವರನ್ನೂ ಕರೆತನ್ನಿ, ಬೆಳಿಗ್ಗೆ ಒಮ್ಮೆ, ರಾತ್ರಿ ಊಟವಾದ ಮೇಲೆ ಒಮ್ಮೆ ಓಣಿಯಲ್ಲಿ ನಡೆದು ನೋಡಿ.

ಅವರಿಗೆ ಊಟ ಸೇರದೆ, ನಿದ್ದೆ ಬಾರದೆ ವಾರಗಟ್ಟಲೆ ಆಗಿದ್ದರೆ ಮಾತ್ರ ಮನೆ ಸಿಗುವವರೆಗೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.