ಲಾನ್ ತೆಗೆದ ಜಾಗಕ್ಕೆ ತಂಗಡಿ, ತುಂಬೆ

ಓದುಗರ ಪತ್ರ: ನಮ್ಮ ಮನೆ ತುಮಕೂರಿನಲ್ಲಿದೆ. ಮುಂದಿನ 20×30 ಅಡಿ ಜಾಗಕ್ಕೆ ಮೆಕ್ಸಿಕನ್ ಗ್ರಾಸ್ ಹಾಕಿಸಿದ್ದೆವು. ಬೇಸಿಗೆ ಬಂತೆಂದರೆ ಬೋರ್‌ವೆಲ್ ಕೈಕೊಡುತ್ತದೆ. ಲಾನ್ ತೆಗೆಸಿ ನಮ್ಮ ನೆಲದ ಗಿಡಗಳನ್ನೇ ಬೆಳೆಸುವ ಆಸೆ. ಕಳೆನಾಶಕ ಹೊಡೆದರೆ ಸುಲಭ ಅನ್ನುತ್ತಾರೆ ಮಾಲಿ. ಮಗ ಮಿಯಾವಾಕಿ ಕಾಡು ಮಾಡೋಣ ಅನ್ನುತ್ತಾನೆ. ಹಾವು ಬಂದೀತೆಂದು ಮನೆಯವರಿಗೆ ಭಯ. ಹೇಗೆ ಶುರು ಮಾಡಲಿ?

ಸಂಪಾದಕರ ಉತ್ತರ:

ಮೊದಲು ನಿಮ್ಮ ಬೋರ್‌ವೆಲ್ಲಿನ ಲೆಕ್ಕ ನೋಡೋಣ. ಒಂದು ಚದರ ಮೀಟರ್ ನೆಲಕ್ಕೆ 1 ಮಿ.ಮೀ. ನೀರು ಎಂದರೆ 1 ಲೀಟರ್. ನಿಮ್ಮ 600 ಚದರಡಿ ಸುಮಾರು 56 ಚದರ ಮೀಟರ್ ಆಗುತ್ತದೆ. ಬೇಸಿಗೆಯಲ್ಲಿ ಲಾನ್ ಹಸಿರಾಗಿರಬೇಕಾದರೆ ದಿನಕ್ಕೆ ಹೆಚ್ಚುಕಡಿಮೆ 5 ಮಿ.ಮೀ., ಅಂದರೆ 280 ಲೀಟರ್ ಬೇಕು. ಮಾರ್ಚ್‌ನಿಂದ ಮೇ ತನಕ 25 ಸಾವಿರ ಲೀಟರ್, 6,000 ಲೀಟರಿನ ಟ್ಯಾಂಕರು ನಾಲ್ಕಕ್ಕೂ ಮಿಕ್ಕಿ. ಇಷ್ಟು ನೀರು ಕುಡಿದ ಹುಲ್ಲು ಹೂ ಬಿಡುವ ಮೊದಲೇ ಕತ್ತರಿಗೆ ಸಿಗುತ್ತದೆ. ಜೇನಿಗೂ ಇಲ್ಲ, ಚಿಟ್ಟೆಗೂ ಇಲ್ಲ. ನೀವು ಅದನ್ನು ತೆಗೆಯಲು ಹೊರಟಿದ್ದೀರಿ ಎಂದು ಓದಿ ನಿಜಕ್ಕೂ ಸಂತೋಷವಾಯಿತು.

ಕಳೆನಾಶಕ ಬೇಡ. ಗ್ಲೈಫೋಸೇಟ್ ಎಂಬ ಕಳೆನಾಶಕದ ಬಳಕೆಯನ್ನು ಕೇಂದ್ರ ಸರ್ಕಾರ 2022ರಲ್ಲಿ ಪರವಾನಗಿ ಪಡೆದ ಕೀಟ ನಿಯಂತ್ರಕರಿಗೆ ಮಾತ್ರ ಸೀಮಿತಗೊಳಿಸಿದೆ. 600 ಚದರಡಿಗೆ ಅದರ ಅಗತ್ಯವೂ ಇಲ್ಲ. ಮಿಯಾವಾಕಿಯೂ ಬೇಡ ಎಂದು ಮಗನಿಗೆ ಹೇಳಿ. ಚದರ ಮೀಟರಿಗೆ ಮೂರು ಸಸಿ ಒತ್ತಾಗಿ ನೆಟ್ಟು ಎರಡು ಮೂರು ವರ್ಷ ನೀರುಣಿಸುವ ಆ ವಿಧಾನ ಹುಟ್ಟಿದ್ದು ಜಪಾನಿನ ದಟ್ಟ ಕಾಡಿನ ನೆಲದಲ್ಲಿ. ನಿಮ್ಮ ಸೀಮೆಯ ಸಹಜ ಸಸ್ಯರಾಶಿ ಅಂಥದ್ದಲ್ಲ. ದೇವರಾಯನದುರ್ಗದ ಬಂಡೆಗಳ ನಡುವಿನ ಕುರುಚಲನ್ನು, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳು ಮೇಯುವ ಬಯಲನ್ನು ಅವನಿಗೊಮ್ಮೆ ತೋರಿಸಿ. ಅಲ್ಲೊಂದು ಪೊದೆ, ಇಲ್ಲೊಂದು ಮರ, ನಡುವೆ ಹುಲ್ಲು ಮತ್ತು ಮಳೆಗಾಲದ ಸಣ್ಣ ಗಿಡ. ನಿಮ್ಮ ಅಂಗಳಕ್ಕೆ ಆ ಮಾದರಿಯೇ ಸರಿ.

ಇಡೀ ಲಾನನ್ನು ಒಂದೇ ಸಲ ಕೀಳಿಸಬೇಡಿ. ಈ ವರ್ಷ ಅರ್ಧ, ಬರುವ ವರ್ಷ ಇನ್ನರ್ಧ. ಬರಿದಾದ ಮಣ್ಣಿಗೆ ಮೊದಲು ನುಗ್ಗುವುದು ಕಾಂಗ್ರೆಸ್ ಗಿಡ. 300 ಚದರಡಿಯಾದರೆ ಅದು ಹೂವಿಗೆ ಬರುವ ಮೊದಲೇ ಕೈಯಿಂದ ಕಿತ್ತು ಮುಗಿಸಬಹುದು. 600 ಆದರೆ ಒಂದು ವಾರ ಊರಿಗೆ ಹೋಗಿ ಬರುವಷ್ಟರಲ್ಲಿ ಕೈಮೀರುತ್ತದೆ. ಕೀಳುವಾಗ ಕೈಗವಸು ಹಾಕಿಕೊಳ್ಳಿ, ಅದರಿಂದ ಹಲವರಿಗೆ ಚರ್ಮದ ಅಲರ್ಜಿ ಬರುತ್ತದೆ.

ಫೆಬ್ರವರಿಯಲ್ಲಿ ಆ ಅರ್ಧಕ್ಕೆ ನೀರು ನಿಲ್ಲಿಸಿ. ಮಾರ್ಚ್ ಹೊತ್ತಿಗೆ ಹುಲ್ಲು ಕಂದಿರುತ್ತದೆ. ಆಗ ಚಪ್ಪಟೆ ಸಲಿಕೆಯಿಂದ ಎರಡು ಮೂರು ಇಂಚು ಆಳಕ್ಕೆ ಅಡ್ಡಲಾಗಿ ಕೊಯ್ದರೆ ಚಾಪೆಯಂತೆ ಎದ್ದು ಬರುತ್ತದೆ. ಅದನ್ನು ಬೇರು ಮೇಲಾಗಿ ಒಂದು ಮೂಲೆಯಲ್ಲಿ ಪೇರಿಸಿ ಕಪ್ಪು ಪ್ಲಾಸ್ಟಿಕ್ ಮುಚ್ಚಿಡಿ, ಕಾಲಕ್ರಮೇಣ ಮಣ್ಣಾಗುತ್ತದೆ. ನಿಮ್ಮ ನಿಜವಾದ ಶತ್ರು ಇರುವುದು ಅದರ ಕೆಳಗೆ. ಹಳೆಯ ಲಾನಿನಲ್ಲಿ ಜೇಕು ಎಂಬ ಗಡ್ಡೆಕಳೆ ಇಲ್ಲದಿರುವುದೇ ಅಪರೂಪ. ಮೇಲೆ ಹಿಡಿದೆಳೆದರೆ ಎಲೆ ಕೈಗೆ ಬರುತ್ತದೆ, ಕರಿ ಗಡ್ಡೆ ನೆಲದಲ್ಲೇ ಉಳಿದು ಮತ್ತೆ ಚಿಗುರುತ್ತದೆ. ಹುಲ್ಲೆತ್ತಿದ ಮೇಲೆ ನೆಲ ಚೆನ್ನಾಗಿ ತೋಯಿಸಿ ಹತ್ತು ದಿನ ಬಿಡಿ. ಮೊಳೆತ ಜೇಕನ್ನೆಲ್ಲ ಕಿರುಗುದ್ದಲಿಯಿಂದ ಗಡ್ಡೆಸಮೇತ ಎಬ್ಬಿಸಿ. ಇದನ್ನು ಎರಡು ಸುತ್ತು ಮಾಡಿ, ಇನ್ನೂ ಕಂಡರೆ ಮೂರನೆಯದನ್ನೂ ಮಾಡಿ. ಬೇಸರದ ಕೆಲಸ ನಿಜ, ಆದರೆ ಗಿಡ ನೆಟ್ಟ ಮೇಲೆ ಅವುಗಳ ಬೇರಿನ ನಡುವೆ ಕೈಹಾಕಿ ಹುಡುಕುವುದು ಇದರ ಹತ್ತರಷ್ಟು ಕಷ್ಟ.

ಲಾನ್ ಮೇಲೆ ರಟ್ಟು ಹಾಸಿದರೆ ಸಾಕು, ಹುಲ್ಲು ತಾನಾಗಿ ಸಾಯುತ್ತದೆ ಎಂಬ ಸಲಹೆ ಈಗ ಎಲ್ಲೆಡೆ ಓಡಾಡುತ್ತಿದೆ. ತಂಪು ದೇಶಗಳಲ್ಲಿ ಅದು ನಡೆಯುತ್ತದೆ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಹುಲ್ಲು ಸಾಯುವ ಮೊದಲೇ ಗೆದ್ದಲು ರಟ್ಟನ್ನು ತಿಂದಿರುತ್ತದೆ, ಜೇಕಿನ ಚೂಪು ಮೊಳಕೆ ನೆನೆದ ರಟ್ಟನ್ನು ತೂರಿಕೊಂಡು ಬರುತ್ತದೆ. ನಮ್ಮಲ್ಲಿ ಧಾರಾಳವಾಗಿರುವುದು ಬಿಸಿಲು, ಅದನ್ನೇ ಬಳಸಿ. ಏಪ್ರಿಲ್ ಮೊದಲ ವಾರ ನೆಲ ಮಟ್ಟಮಾಡಿ, ನೀರುಣಿಸಿ, ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಅಂಟಿದಂತೆ ಹಾಸಿ, ನಾಲ್ಕೂ ಅಂಚನ್ನು ಮಣ್ಣಲ್ಲಿ ಹೂಳಿ. ಕಪ್ಪು ಹಾಳೆಯಾದರೆ ತಾನು ಕಾಯುತ್ತದೆ. ಪಾರದರ್ಶಕ ಹಾಳೆ ಬಿಸಿಲನ್ನು ಒಳಗೆ ಬಿಟ್ಟು ಮಣ್ಣನ್ನೇ ಕಾಯಿಸುತ್ತದೆ. ಆರು ವಾರ ಹೀಗಿದ್ದರೆ ಮೇಲ್ಮಣ್ಣಿನ ಕಳೆಬೀಜ ಬಹುಪಾಲು ಬೆಂದುಹೋಗುತ್ತದೆ. ಆಳದ ಜೇಕಿನ ಗಡ್ಡೆಗೆ ಈ ಶಾಖ ಮುಟ್ಟದು, ಅದಕ್ಕೇ ಮೊದಲು ಗಡ್ಡೆ ಎಬ್ಬಿಸುವ ಕೆಲಸ ಬಿಡಬಾರದು.

ಹಾಳೆ ತೆಗೆದ ಮೇಲೆ ನೆಲ ಅಗೆಯಬೇಡಿ. ಅಗೆದರೆ ಕೆಳಗೆ ಮಲಗಿದ್ದ ಬೀಜವೆಲ್ಲ ಮೇಲೆ ಬಂದು ಎರಡು ತಿಂಗಳ ದುಡಿಮೆ ನೀರಿನಲ್ಲಿ ಹೋಮ. ಒಂದು ಲೋಡು ಕೆಂಪು ಮಣ್ಣು ಹೊಡೆಸಿ ಎಂದು ಯಾರು ಹೇಳಿದರೂ ಕೇಳಬೇಡಿ, ಹೊಸ ಜೇಕು ಬರುವುದೇ ಆ ಲೋಡಿನಲ್ಲಿ. ಗಿಡಕ್ಕೊಂದು ಒಂದಡಿ ಗುಂಡಿ, ಎರಡು ಹಿಡಿ ಎಲೆಗೊಬ್ಬರ, ಅಷ್ಟೇ. ಕುರುಚಲು ನೆಲದ ಗಿಡಕ್ಕೆ ಗೊಬ್ಬರ ಹೆಚ್ಚಾದರೆ ಸೊಪ್ಪು ಕೊಬ್ಬಿ ಕೊಂಬೆ ಬಾಗುತ್ತದೆ.

ಮೊದಲ 300 ಚದರಡಿಗೆ ಕಾಂಪೌಂಡಿನ ಕಡೆ ತಂಗಡಿ ನಾಲ್ಕು, ಬಂದರಿಕೆ ಮೂರು, ಮೂಲೆಗೊಂದು ಲಕ್ಕಿ, ಬೇಲಿಯ ಪಕ್ಕ ಒಂದು ಕವಳಿ. ಇವುಗಳ ನಡುವೆ ನಾಲ್ಕಡಿ ಅಂತರವಿರಲಿ. ಮುಂದೆ ಮುಳ್ಳುಗೋರಂಟಿ ನಾಲ್ಕು, ಕನಕಾಂಬರ ಹತ್ತು ಹನ್ನೆರಡು. ಉಳಿದ ನೆಲಕ್ಕೆ ತುಂಬೆ ಮತ್ತು ವಿಷ್ಣುಕ್ರಾಂತಿ. ಕೇಪಳ ಆಸೆಪಟ್ಟು ನೆಡುವವರು ಬಹಳ, ಆದರೆ ಗಡಸು ಬೋರ್‌ವೆಲ್ ನೀರಿಗೆ ಅದರ ಎಲೆ ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತದೆ. ನಿಮ್ಮಲ್ಲಿ ಬೇಡ.

ತಂಗಡಿಗೆ ಮೊದಲ ಸ್ಥಾನ ಕೊಟ್ಟದ್ದಕ್ಕೆ ಕಾರಣವಿದೆ. ಅದರ ಹೂವಿನಲ್ಲಿ ಮಕರಂದವಿಲ್ಲ, ಇರುವುದು ಪರಾಗ ಮಾತ್ರ, ಅದೂ ಕೇಸರದ ತುದಿಯ ಸಣ್ಣ ರಂಧ್ರದೊಳಗೆ. ದಪ್ಪ ಕರಿ ದುಂಬಿ ಕೇಸರವನ್ನು ತಬ್ಬಿ ಝುಂಯ್ ಎಂದು ಮೈ ನಡುಗಿಸುತ್ತದೆ, ಪರಾಗ ಪುಡಿಯಾಗಿ ಅದರ ಹೊಟ್ಟೆಗೆ ಉದುರುತ್ತದೆ. ಬೆಳಿಗ್ಗೆ ಗಿಡದ ಹತ್ತಿರ ನಿಂತರೆ ಹಾರುವಾಗಿನ ಸದ್ದಿಗಿಂತ ಈ ಸದ್ದು ಬೇರೆ ಎಂದು ಕಿವಿಗೇ ಗೊತ್ತಾಗುತ್ತದೆ. ಇದರ ಬೀಜದ ಸಿಪ್ಪೆ ಗಟ್ಟಿ, ಕುದಿದ ನೀರು ಸುರಿದು ರಾತ್ರಿಯಿಡೀ ನೆನೆಹಾಕಿ ಬಿತ್ತಿ.

ಜಾಗ ಮಿಕ್ಕರೆ ಬಾಗಿಲಿನಿಂದ ದೂರ ಒಂದು ಎಕ್ಕವಿರಲಿ. ಹಾಲು ಕಣ್ಣಿಗೆ ಬೀಳದಂತೆ ಎಚ್ಚರ. ಅದರ ಎಲೆಯಲ್ಲಿ ಕಪ್ಪು, ಹಳದಿ, ಬಿಳಿ ಪಟ್ಟೆಯ ಹುಳು ಕಂಡರೆ ಕೊಲ್ಲಬೇಡಿ, ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಮೊದಲು ಎಲೆಯ ನರ ಕಚ್ಚಿ ಹಾಲು ಸೋರಿಸಿ, ಆಮೇಲೆ ತಿನ್ನಲು ಶುರುಮಾಡುತ್ತದೆ. ಎಲೆ ತೂತಾದದ್ದು ನಿಮ್ಮ ತೋಟ ಕೆಲಸ ಮಾಡುತ್ತಿದೆ ಎಂಬುದರ ಗುರುತು.

ಪೊದೆಗಳನ್ನು ಜೂನ್ ಮಳೆಗೆ ನೆಡಿ. ಮಳೆ ಇಲ್ಲದ ವಾರ ಗಿಡಕ್ಕೆ ನಾಲ್ಕು ಲೀಟರಿನಂತೆ ಎರಡು ಸಲ ನೀರು ಸಾಕು. ಎರಡನೇ ಬೇಸಿಗೆಗೆ ಹದಿನೈದು ದಿನಕ್ಕೊಮ್ಮೆ. ತಂಗಡಿಗೆ ದಿನವೂ ನೀರು ಬಿಟ್ಟರೆ ಬೇರು ಕೊಳೆಯುತ್ತದೆ. ತುಂಬೆಯ ಬೀಜವನ್ನು ಹತ್ತರಷ್ಟು ಮರಳಿಗೆ ಬೆರೆಸಿ ಮೇಲ್ಗಡೆಯೇ ಎರಚಿ, ಮಣ್ಣು ಮುಚ್ಚಬೇಡಿ. ಅರ್ಧ ಜೂನ್‌ನಲ್ಲಿ ಎರಚಿ, ಇನ್ನರ್ಧವನ್ನು ಸೆಪ್ಟೆಂಬರಿಗೆ ಉಳಿಸಿಕೊಳ್ಳಿ. ನಿಮ್ಮ ಕಡೆ ಗಟ್ಟಿ ಮಳೆ ಆಗಲೇ. ಪೊದೆಗಳ ಬುಡಕ್ಕೆ ಮೂರಿಂಚು ತರಗೆಲೆ ಹರಡಿ, ಬಿಸಿಲು ಬೀಳುವ ಕಡೆ ನಾಲ್ಕಡಿ ಚೌಕವನ್ನು ಮಾತ್ರ ಬರಿ ಮಣ್ಣಾಗಿ ಬಿಡಿ. ಒಂಟಿ ಜೇನುಗಳಲ್ಲಿ ಬಹಳಷ್ಟು ನೆಲದಲ್ಲೇ ಗೂಡು ತೋಡುತ್ತವೆ.

ಹಾವು ಬರುವುದು ಇಲಿಯ ಹಿಂದೆ. ಮನೆಯ ಗೋಡೆಯ ಸುತ್ತ ಮೂರಡಿ ಖಾಲಿ ಬಿಟ್ಟು ಜಲ್ಲಿ ಹಾಕಿಸಿ, ಗೇಟಿನಿಂದ ಬಾಗಿಲಿಗೆ ಅಗಲವಾದ ಕಲ್ಲುಹಾಸು ಮಾಡಿಸಿ, ರಾತ್ರಿ ದೀಪವಿರಲಿ. ಹಂಚು, ಸೌದೆ, ಮುರಿದ ಇಟ್ಟಿಗೆ ರಾಶಿ ಹಾಕಬೇಡಿ, ಇಲಿಬಿಲ ಕಂಡರೆ ಮುಚ್ಚಿ. ಹಾದಿಯ ಅಂಚು ನೇರವಾಗಿದ್ದರೆ ನೆರೆಹೊರೆಯವರಿಗೂ ಇದು ಪಾಳುಬಿದ್ದ ಸೈಟಿನಂತೆ ಕಾಣುವುದಿಲ್ಲ. ಕೂರಲು ಹುಲ್ಲು ಬೇಕೆನಿಸಿದರೆ ನಡುವೆ ಹತ್ತಡಿ ಗರಿಕೆ ಇಟ್ಟುಕೊಳ್ಳಿ, ನೀರಿಲ್ಲದೆ ಕಂದಿದರೂ ಮೊದಲ ಮಳೆಗೆ ಚಿಗುರುತ್ತದೆ. ಸುತ್ತ ಕಲ್ಲು ನೆಡದಿದ್ದರೆ ಪೊದೆಗಳೊಳಗೂ ಹಬ್ಬುತ್ತದೆ.

ನರ್ಸರಿಯಲ್ಲಿ ನೆಲ ಮುಚ್ಚಲೆಂದು ಸಿಂಗಾಪುರ್ ಡೈಸಿ ಕೊಟ್ಟರೆ ತರಬೇಡಿ. ಅಮೆರಿಕ ಖಂಡದ ಆ ಹಳದಿ ಹೂವಿನ ಬಳ್ಳಿ ಒಮ್ಮೆ ಬೇರೂರಿದರೆ ತುಂಬೆಗೆ ಜಾಗ ಬಿಡುವುದಿಲ್ಲ. ತಂಗಡಿ, ಬಂದರಿಕೆಯ ಬೀಜ ರಸ್ತೆ ಬದಿಯ ಗಿಡಗಳಲ್ಲೇ ಸಿಗುತ್ತದೆ. ಕಾಡಿನಿಂದ ಗಿಡ ಕಿತ್ತು ತರುವುದು ಬೇಡ. ತುಂಬೆ ಮಳೆಗಾಲ ಕಳೆದು ಒಣಗಿ ನಿಂತಾಗ ಕಸವೆಂದು ಮಾಲಿ ಕಿತ್ತುಹಾಕದಂತೆ ಮೊದಲೇ ಹೇಳಿಡಿ. ಒಣಗಿದ ಗೊಂಚಲನ್ನು ಕಾಗದದ ಮೇಲೆ ತಟ್ಟಿದರೆ ಇನ್ನರ್ಧ ಅಂಗಳಕ್ಕೆ ಬೇಕಾಗುವಷ್ಟು ಬೀಜ ಅದರಲ್ಲೇ ಸಿಗುತ್ತದೆ.