ಹೆನ್ ಡೊಮೆನ್: ಮರ ಉಳಿಯದ ಮರದ ಕೋಟೆ

ವೇಲ್ಸ್‌ನ ಮಾಂಟ್‌ಗೊಮರಿ ಊರಿನ ಸಮೀಪದ ಹೆನ್ ಡೊಮೆನ್‌ನಲ್ಲಿ ಈಗ ಕಾಣುವುದು ಮಣ್ಣಿನ ದಿಬ್ಬ ಮತ್ತು ಕಂದಕಗಳು ಮಾತ್ರ; ಹೀಗಿರುವಾಗ ಅಲ್ಲಿದ್ದದ್ದು ಮರದ ಕೋಟೆಯೆಂದು ಹೇಗೆ ತಿಳಿಯಿತು ಎಂದು ತಾವು ಕೇಳಿದ್ದೀರಿ. ಬಹಳ ಒಳ್ಳೆಯ ಪ್ರಶ್ನೆ.

ನೆಲದಲ್ಲಿ ನೆಟ್ಟ ಕಂಬ ಕೊಳೆತುಹೋದರೂ ಅದಕ್ಕಾಗಿ ತೋಡಿದ ಗುಂಡಿ ಅಳಿಯುವುದಿಲ್ಲ. ಅದರೊಳಗೆ ತುಂಬಿಕೊಂಡ ಮಣ್ಣು ಸುತ್ತಲಿನ ಮಣ್ಣಿಗಿಂತ ಬಣ್ಣದಲ್ಲಿಯೂ ಗಡಸುತನದಲ್ಲಿಯೂ ಬೇರೆಯಾಗಿರುತ್ತದೆ. ಆದರೆ ಎಲ್ಲ ಕಟ್ಟಡಗಳಿಗೂ ಕಂಬ ನೆಡುತ್ತಿರಲಿಲ್ಲ. ನೆಲದ ಮೇಲೆ ಅಡ್ಡ ತೊಲೆಗಳನ್ನಿಟ್ಟು ಅವುಗಳ ಮೇಲೆ ಗೋಡೆ ಎಬ್ಬಿಸಿದ್ದರೆ, ಉಳಿಯುವುದು ಹರಳುಕಲ್ಲುಗಳ ನಡುವಿನ ತೆಳುವಾದ ಗೆರೆಯಷ್ಟೆ. ಫಿಲಿಪ್ ಬಾರ್ಕರ್ ಅವರು 1960ರಲ್ಲಿ ಆರಂಭಿಸಿ, ಮುಂದೆ ರಾಬರ್ಟ್ ಹೈಯಮ್ ಅವರೊಡನೆ ದಶಕಗಳ ಕಾಲ ನಡೆಸಿದ ಉತ್ಖನನದಲ್ಲಿ, ಕಿರಿದಾದ ಅಗಳುಗಳನ್ನು ತೋಡುವ ಬದಲು ವಿಶಾಲವಾದ ಜಾಗವನ್ನು ಪದರ ಪದರವಾಗಿ ಕೆರೆದು ತೆಗೆದದ್ದರಿಂದಲೇ ಇಂತಹ ಗೆರೆಗಳು ಕಣ್ಣಿಗೆ ಬಿದ್ದವು. ಆ ತಾಳ್ಮೆಯ ಬಗ್ಗೆ ನನಗೆ ಅಪಾರ ಗೌರವವಿದೆ. ದಿಬ್ಬದ ಪೂರ್ವಕ್ಕಿರುವ ಅಂಗಳದಲ್ಲಿ ಒತ್ತೊತ್ತಾಗಿ ಕಟ್ಟಡಗಳಿದ್ದವೆಂದೂ, ಅವುಗಳನ್ನು ಮತ್ತೆ ಮತ್ತೆ ಕಟ್ಟಲಾಗಿತ್ತೆಂದೂ ಗೊತ್ತಾದದ್ದು ಹಾಗೆಯೇ. ಕೋಟೆಯ ಕೆಳಗೆ ಅದಕ್ಕೂ ಹಿಂದಿನ ಹೊಲವೊಂದರ ಉಳುಮೆಯ ಸಾಲುಗಳು ಸಹ ದೊರೆತವು.

ಇಂಗ್ಲೆಂಡಿನ ಶ್ರೂಸ್‌ಬರಿಯ ಅರ್ಲ್ (ಉನ್ನತ ಶ್ರೀಮಂತ ಪದವಿ) ಆಗಿದ್ದ ರೋಜರ್ ಡಿ ಮಾಂಟ್‌ಗೊಮರಿ 1070ರ ದಶಕದಲ್ಲಿ, ಸೆವರ್ನ್ ನದಿಯನ್ನು ಹಾಯುವ ಕಡವಿನ ಮೇಲೆ ಕಣ್ಣಿಡಲು ಇದನ್ನು ಕಟ್ಟಿಸಿದನು. 1095ರಲ್ಲಿ ವೇಲ್ಸ್‌ನವರು ಇದನ್ನು ವಶಪಡಿಸಿಕೊಂಡರು. ತಾವು ಚಿತ್ರಗಳಲ್ಲಿ ನೋಡಿರಬಹುದಾದ ಕಲ್ಲಿನ ಮಾಂಟ್‌ಗೊಮರಿ ಕೋಟೆ ಬೇರೆಯದು. ಇಂಗ್ಲೆಂಡಿನ ದೊರೆ ಮೂರನೆಯ ಹೆನ್ರಿಯ ಕಾಲದಲ್ಲಿ, 1223ರಲ್ಲಿ, ಅದರ ನಿರ್ಮಾಣ ಇಲ್ಲಿಂದ ಸುಮಾರು ಒಂದು ಮೈಲಿ ದೂರದ ಬಂಡೆಯ ಮೇಲೆ ಆರಂಭವಾಯಿತು.